ಓದುವವರು ಬರಲಿಲ್ಲ

“ಘಮೇಲಾ ಹೊತ್ತ ತಲಿ ಮ್ಯಾಲೆ ಬಿ.ಎ. ಕುಂದ್ರೂದಿಲ್ಲವಾ. ಜಾರಿ ಬೀಳತೈತಿ.”

ಹೀಗೆ ಹೇಳಿದವನು ನನ್ನ ದೊಡ್ಡಪ್ಪ. ಠಾಣೆ ಕಡೆಯ ಕಲ್ಯಾಣದ ನಮ್ಮ ಚಾಳಿನ ಹೊಸ್ತಿಲ ಮೇಲೆ ಕುಳಿತು, ಸಿಮೆಂಟು ಒಣಗಿ ಬಿರುಕು ಬಿಟ್ಟ ಬೆರಳುಗಳಲ್ಲಿ ಬೀಡಿ ಹಿಡಿದುಕೊಂಡು ಹೇಳಿದ್ದ. ಕೆಟ್ಟವನಲ್ಲ. ನನ್ನ ಅಪ್ಪ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ ಮೇಲೆ ಅವ್ವನನ್ನೂ ನನ್ನನ್ನೂ ಸಾಕಿದವನು ಅವನೇ. ವಿಜಾಪುರದ ಕಡೆಯಿಂದ ಬಂದ ನಮ್ಮ ಮನೆತನದಲ್ಲಿ ಗಂಡಸರು, ಹೆಂಗಸರು ಎಲ್ಲರೂ ಕಾಂಕ್ರೀಟು ತುಂಬಿದ ಆ ಕಬ್ಬಿಣದ ಬುಟ್ಟಿ ಹೊತ್ತವರೇ. ಅವನಿಗೆ ಗೊತ್ತಿದ್ದ ಲೋಕದಲ್ಲಿ ಬಿ.ಎ. ಎಂಬುದು ಬೇರೆಯವರ ಮನೆಯ ವಸ್ತು.

ಹೋದ ವಾರ ಮನೆಗೆ ಬಣ್ಣ ಬಳಿಸಲು ಕಪಾಟು ಖಾಲಿ ಮಾಡುವಾಗ ನನ್ನ ಸರ್ಟಿಫಿಕೇಟಿನ ಫೈಲು ಕೈಗೆ ಬಂತು. ಸರ್ಟಿಫಿಕೇಟಿನ ಹಿಂದೆ ಒಂಬತ್ತು ಹಾಳೆಗಳಿದ್ದವು. ಅಲ್ಲಿವೆ ಎಂಬುದು ನನಗೆ ಗೊತ್ತಿತ್ತು, ಆದರೂ ಅಲ್ಲಿ ಕೈ ಹಾಕಿ ಎಷ್ಟೋ ವರ್ಷಗಳಾಗಿದ್ದವು. ಒಂದು ಬದಿಯಲ್ಲಿ ಹೋಟೆಲಿನ ತಿಂಡಿಪಟ್ಟಿ ಅಚ್ಚಾಗಿದೆ, ಇಡ್ಲಿ, ವಡೆ, ಉಪ್ಪಿಟ್ಟು, ಮಸಾಲೆದೋಸೆ. ಹಿಂಬದಿಯಲ್ಲಿ ಪೆನ್ಸಿಲ್ಲಿನ ಬರಹ. ಆ ಬರಹದಲ್ಲಿ ಅಲ್ಪವಿರಾಮವಿಲ್ಲ, ಪೂರ್ಣವಿರಾಮವಿಲ್ಲ, ಬರೀ ಓರೆಗೆರೆಗಳು. ಒಂದು ಗೆರೆ ಇದ್ದಲ್ಲಿ ಉಸಿರು, ಎರಡು ಗೆರೆ ಇದ್ದಲ್ಲಿ ನಿಲ್ಲಬೇಕು. ಹಾಳೆಗಳನ್ನು ಮೂಗಿಗೆ ಹಿಡಿದೆ, ಇಂಗಿನ ವಾಸನೆ ಬಂತು. ಇಷ್ಟು ವರ್ಷ ಇಂಗು ಉಳಿಯುತ್ತದೆಯೇ? ಇಲ್ಲ. ನನ್ನ ಮೂಗೇ ಹುಟ್ಟಿಸಿಕೊಂಡಿರಬೇಕು…

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಠಾಣೆಯ ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿಯೊಂದರಲ್ಲಿ ಔಷಧದ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ ನನಗೆ. ಹೊರಗಿನಿಂದ ಬಿ.ಎ. ಕಟ್ಟಿದ್ದೆ. ಬೆಳಗಿನ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಒಂದು ಮೂಲೆ ಸಿಕ್ಕರೆ, ಹಾಳಾದ ಚೀಟಿಗಳ ಹಿಂದೆ ಏನಾದರೂ ಗೀಚುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಕುಳಿತ ಹೆಂಗಸು ಬಗ್ಗಿ ನೋಡಿ, “ಅಯ್ಯೋ, ಕನ್ನಡ! ನೀವು ನಮ್ಮವರಾ?” ಎಂದರು. ಮಂಗಳೂರಿನ ಕಡೆಯವರು, ಶಾಲೆಯಲ್ಲಿ ಟೀಚರ್. ಮುಂದಿನ ಭಾನುವಾರ ಅವರೇ ನನ್ನನ್ನು ಡೊಂಬಿವಲಿಯ ಬಳಗಕ್ಕೆ ಕರೆದುಕೊಂಡು ಹೋದರು.

ಬಳಗ ಎಂದರೆ ಏಳೆಂಟು ಜನ. ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನ ಮೇಲೆ, ಅಕ್ಕಿ ಮತ್ತು ಬಟಾಟೆ ಮೂಟೆಗಳನ್ನಿಡುವ ಕೋಣೆ. ಭಾನುವಾರ ಮಧ್ಯಾಹ್ನ ಊಟ ಮುಗಿದು ಸಂಜೆಯ ಚಹಾ ಶುರುವಾಗುವವರೆಗೆ ಆ ಕೋಣೆ ನಮ್ಮದು. ಒಬ್ಬರು ಬ್ಯಾಂಕಿನವರು, ಬೆಂಗಳೂರಿನಿಂದ ವರ್ಗವಾಗಿ ಬಂದವರು, ಕವಿತೆ ಬರೆಯುತ್ತಿದ್ದರು. ಟೀಚರ್ ಕತೆ ಬರೆಯುತ್ತಿದ್ದರು. ಉಳಿದವರಲ್ಲಿ ಆಫೀಸಿನವರು, ಫ್ಯಾಕ್ಟರಿಯವರು. ಬಾಗಿಲ ಹತ್ತಿರದ ಮೂಟೆಯ ಮೇಲೆ, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ಕುಳಿತಿದ್ದ ನಲವತ್ತರ ಆಸುಪಾಸಿನ ಮನುಷ್ಯನನ್ನು ನೋಡಿ, ಚಹಾ ತಂದವರು ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಅವರು ಕೆಳಗಿನ ಹೋಟೆಲಿನ ಸಪ್ಲಾಯರ್. ಎಲ್ಲರಿಗೂ ಅವರು ಅಣ್ಣ. ಆರು ಟೇಬಲ್ಲಿನ ಆರ್ಡರು ಒಂದಕ್ಷರ ಬರೆದುಕೊಳ್ಳದೆ ನೆನಪಿಟ್ಟು, ಒಂದೇ ಉಸಿರಿನಲ್ಲಿ ಅಡುಗೆಮನೆಗೆ ಕೂಗುವವರು. “ಎರಡು ಸಾದಾ ಒಂದು ಮಸಾಲೆ ಒಂದು ನೀರುಳ್ಳಿ ಹಾಕದ್ದು, ಬೇಗ!” ಆ ದನಿ ಮಾರುಕಟ್ಟೆಯ ಗದ್ದಲವನ್ನು ಸೀಳಿಕೊಂಡು ರಸ್ತೆಯಾಚೆಗೂ ಕೇಳುತ್ತಿತ್ತು. ಊರಲ್ಲಿ ಐದನೆಯ ಇಯತ್ತೆ ಓದಿದ್ದರಂತೆ.

ಬಳಗದಲ್ಲಿ ಬರೆದವರೆಲ್ಲರ ಬರಹವನ್ನೂ ಓದುವವರು ಅವರೇ!

ಅದು ಅಲ್ಲಿಯ ಪದ್ಧತಿ. ಮೊದಮೊದಲು ತಮ್ಮದನ್ನು ತಾವೇ ಓದುತ್ತಿದ್ದರಂತೆ. ಓದುತ್ತ ಓದುತ್ತ ತಮ್ಮನ್ನೇ ಸಮರ್ಥಿಸಿಕೊಳ್ಳುವುದು, “ಇಲ್ಲಿ ನಾನು ಏನು ಹೇಳಿದ್ದೇನೆಂದರೆ” ಎಂದು ನಡುವೆ ನಿಲ್ಲಿಸುವುದು, ಕೊನೆಗೆ ಜಗಳ. ಒಂದು ಭಾನುವಾರ ಬ್ಯಾಂಕಿನವರಿಗೆ ನೆಗಡಿಯಾಗಿ ದನಿ ಕಟ್ಟಿತ್ತು. ಚಹಾ ತಂದ ಅಣ್ಣ, “ನಾನು ಓದಿ ನೋಡಲಾ?” ಎಂದು ಹಾಳೆ ತೆಗೆದುಕೊಂಡರಂತೆ. ಕವಿತೆ ಎದ್ದು ಕುಳಿತಿತು ಎಂದು ಟೀಚರ್ ಹೇಳುತ್ತಿದ್ದರು. ಅಂದಿನಿಂದ ಎರಡೇ ಕಟ್ಟಳೆ. ತಮ್ಮದನ್ನು ತಾವು ಓದಬಾರದು. ಬರೆದವರ ಹೆಸರು ಕೊನೆಗೆ, ಎಲ್ಲರೂ ಮಾತಾಡಿ ಮುಗಿಸಿದ ಮೇಲೆ.

ಒಂದು ವಾರ ಮೊದಲೇ ಹಾಳೆಗಳನ್ನು ಅಣ್ಣನಿಗೆ ಕೊಡಬೇಕು. ಬಿಡುವಾದಾಗ ಮೂಟೆಗಳ ನಡುವೆ ಕುಳಿತು ಅವರು ಅಭ್ಯಾಸ ಮಾಡುತ್ತಿದ್ದರು, ಪೆನ್ಸಿಲ್ಲಿನಿಂದ ಗೆರೆ ಹಾಕಿಕೊಳ್ಳುತ್ತಿದ್ದರು.

ಮನೆಯಲ್ಲಿ ಇದನ್ನು ಹೇಳಿದಾಗ ದೊಡ್ಡಪ್ಪ ನಕ್ಕಿದ್ದ. “ಬರಿಯಾಕಿ ನೀ, ಓದಾಂವ ಮತ್ತೊಬ್ಬ. ಯಾಕ, ನಿನಗ ಬಾಯಿಲ್ಲೇನು?”

ನಿಜ ಹೇಳಬೇಕೆಂದರೆ, ಇರಲಿಲ್ಲ. ಫ್ಯಾಕ್ಟರಿಯಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ, ಬಳಗದಲ್ಲಿ ಪುಸ್ತಕದಂಥ ಕನ್ನಡ. ನಾನು ಬಾಯಿ ತೆರೆದರೆ ಮೂರು ಕಡೆಯೂ ಜನ ತಿರುಗಿ ನೋಡುತ್ತಿದ್ದರು. ಆದ್ದರಿಂದ ಆ ಕಟ್ಟಳೆ ನನಗೆ ಹೇಳಿ ಮಾಡಿಸಿದಂತಿತ್ತು.

ನನ್ನ ಮೊದಲ ಬರಹ ಅಪ್ಪನ ಬುತ್ತಿಯ ಅರಿವೆಯ ಬಗ್ಗೆ. ಅದರಲ್ಲಿ ಅವ್ವ ಅಪ್ಪನನ್ನು ಬೈಯುವ ಮಾತಿತ್ತು. “ಎಲ್ಲಿ ಹಾಳಾಗಿ ಹೋಗಿದ್ದಿ? ರೊಟ್ಟಿ ಕಲ್ಲಾಗ್ಯಾವು, ಬಾ ಉಣ್ಣು ಬಾ.” ಅಣ್ಣ ಆವರೆಗೆ ಚೆನ್ನಾಗಿ ಓದಿದರು. ಈ ಮಾತಿಗೆ ಬಂದದ್ದೇ, ರೊಟ್ಟಿ ಎಂಬಲ್ಲಿ ಅಡುಗೆಮನೆಗೆ ಆರ್ಡರು ಕೂಗಿದ ಹಾಗಾಯಿತು.

“ಎರಡು ಪ್ಲೇಟ್ ಕಳಿಸ್ರಪ್ಪಾ!” ಎಂದರು ಬ್ಯಾಂಕಿನವರು. ಕೋಣೆಯೆಲ್ಲ ನಗು. ಯಾರದೆಂದು ಅವರಿಗೆ ಗೊತ್ತಿರಲಿಲ್ಲ, ನನ್ನನ್ನು ನೋಯಿಸಲು ನಕ್ಕದ್ದಲ್ಲ. ಆದರೆ ಸತ್ತ ಅಪ್ಪನ ರೊಟ್ಟಿ ಅದು. ಹೆಸರು ಹೇಳುವವರೆಗೂ ಕಾಯದೆ ಮೆಟ್ಟಿಲಿಳಿದು ಹೊರಟುಬಿಟ್ಟೆ.

ಮುಂದಿನ ವಾರ ಹೋಗುವುದೇ ಇಲ್ಲ ಎಂದುಕೊಂಡಿದ್ದೆ. ಮಧ್ಯೆ ಒಂದು ಸಂಜೆ ಕೆಲಸ ಬಿಟ್ಟು ಬರುವಾಗ, ಟೀಚರ್ ಗಾಡಿಯಲ್ಲಿ ಸಿಕ್ಕಿ ನನ್ನನ್ನು ಡೊಂಬಿವಲಿಯಲ್ಲಿ ಇಳಿಸಿಕೊಂಡೇ ಬಿಟ್ಟರು. ಅಣ್ಣ ಹೋಟೆಲಿನ ಹಿಂಬಾಗಿಲಲ್ಲಿ ನಿಂತಿದ್ದರು.

“ತಂಗಿ, ತಪ್ಪು ನಿಮ್ಮದಲ್ಲ, ನನ್ನ ನಾಲಗೆದ್ದು. ನಿಮ್ಮ ಅಮ್ಮ ಬೈಯುವುದುಂಟಲ್ಲ, ಅದನ್ನು ಒಮ್ಮೆ ಹೇಳಿ ನೋಡುವ.”

“ಇಲ್ಲೇನ್ರಿ? ಮಂದಿ ಅದಾರ.”

“ಇರ್ಲಿ ಮಾರಾಯ್ತಿ. ಇಲ್ಲಿ ದಿನಾ ನಾನು ಕೂಗ್ತೇನೆ, ಯಾರು ಕೇಳ್ತಾರೆ?”

ಹೇಳಿದೆ. ಅವರು ತಿರುಗಿ ಹೇಳಿದರು. ಸರಿಯಾಗಲಿಲ್ಲ. “ಸಿಟ್ಟು ಬ್ಯಾಡ್ರಿ ಅಣ್ಣ, ಅಕಿಗೆ ಹಸಿವ್ಯಾಗೇತಿ, ಅದಕ್ಕ ಬೈತಾಳ,” ಎಂದೆ. ಅವರು, “ಓ… ಅವರೂ ಊಟ ಮಾಡಿಲ್ಲವಾ?” ಎಂದರು. ಆ ವಾರವೆಲ್ಲ ಅದೇ ಅಭ್ಯಾಸ. ಟೇಬಲ್ ಒರೆಸುತ್ತ “ಎಲ್ಲಿ ಹಾಳಾಗಿ ಹೋಗಿದ್ದಿ” ಎನ್ನುತ್ತಿದ್ದರಂತೆ. ಬೀಡಿಗೆಂದು ಹೊರಗೆ ಹೋಗಿ ಬಂದ ಅಡುಗೆಭಟ್ಟರು ತಮಗೇ ಹೇಳಿದ್ದೆಂದು ಸಿಟ್ಟಾಗಿ, ಅರ್ಧ ದಿನ ದೋಸೆ ಹುಯ್ಯಲಿಲ್ಲವಂತೆ.

ಭಾನುವಾರ ಅದೇ ಬರಹವನ್ನು ಮತ್ತೆ ಓದಿದರು. ಯಾರೂ ನಗಲಿಲ್ಲ. ಮುಗಿದ ಮೇಲೆ ಬ್ಯಾಂಕಿನವರು ಕನ್ನಡಕ ತೆಗೆದು ಒರೆಸಿಕೊಂಡು, “ಯಾರದ್ರೀ ಇದು? ಕ್ಷಮಿಸಬೇಕು ಅವರು ನಮ್ಮನ್ನ,” ಎಂದರು. ನಾನು ಕೈ ಎತ್ತಿದೆ. ನನ್ನ ಅವ್ವನ ಮಾತಿಗೆ ಆ ಮನುಷ್ಯ ಒಂದು ವಾರ ದುಡಿದಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ವರ್ಷದ ಪರೀಕ್ಷೆಯಲ್ಲಿ ನಾನು ಇತಿಹಾಸದಲ್ಲಿ ನಪಾಸಾದೆ. ದೊಡ್ಡಪ್ಪ “ನಾ ಹೇಳಿದ್ದೆ” ಎನ್ನಲಿಲ್ಲ, ಸುಮ್ಮನೆ ಬೀಡಿ ಹಚ್ಚಿಕೊಂಡ. ಅದು ಇನ್ನೂ ಉರಿಯಿತು. ಬಳಗದಲ್ಲಿ ಯಾರಿಗೂ ಹೇಳಬಾರದೆಂದಿದ್ದೆ, ಅಣ್ಣ ಮುಖ ನೋಡಿಯೇ ಹಿಡಿದರು.

“ಫೇಲಾದದ್ದನ್ನು ನಿಮ್ಮ ಕನ್ನಡದಲ್ಲಿ ಬರೆದು ತನ್ನಿ. ನಾನು ಓದ್ತೇನೆ.”

“ನಿಮಗ ಇತಿಹಾಸ ಬರತೈತೇನ್ರಿ?”

“ಎಂತ ಇತಿಹಾಸ! ನನಗೆ ಏನೂ ಬರುವುದಿಲ್ಲ. ಅದಕ್ಕೇ.”

ಅರ್ಧ ಗಂಟೆ ಮುಂಚೆ ಹೋಗುತ್ತಿದ್ದೆ. ನನ್ನ ಟಿಪ್ಪಣಿಯನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು. ಎಲ್ಲೋ ಎಡವಿ ನಿಂತರೆ ಪೆನ್ಸಿಲ್ಲಿನಿಂದ ಒಂದು ಸೊನ್ನೆ ಸುತ್ತಿ, “ಇಲ್ಲಿ ನಿಮಗೇ ಅರ್ಥ ಆಗಿಲ್ಲ,” ಎನ್ನುತ್ತಿದ್ದರು. ಪ್ರತಿ ಸಲವೂ ಅದು ಸರಿಯೇ. ಮನೆಗೆ ಹೋಗಿ ಸೊನ್ನೆ ಸುತ್ತಿದ್ದಷ್ಟನ್ನೇ ಮತ್ತೆ ಓದುತ್ತಿದ್ದೆ. ಹೀಗೆ ಒಂದೊಂದೇ ಸೊನ್ನೆ ಅಳಿಸುತ್ತ ನಾನು ಪದವಿಯ ಕಡೆ ನಡೆದೆ. ಯಾವ ಕಾಲೇಜೂ ನನಗೆ ಹಾಗೆ ಕಲಿಸಿಲ್ಲ. ಎರಡನೆಯ ವರ್ಷ ಪಾಸಾದ ದಿನ ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

“ಸರ್ಟಿಫಿಕೇಟು ಬಂದ ದಿನ ಮೊದಲು ಇಲ್ಲಿಗೆ ತರಬೇಕು ಆಯ್ತಾ? ನಿಮ್ಮದನ್ನು ನೀವು ಓದ್ಲಿಕ್ಕಿಲ್ಲ. ನಾನೇ ಓದುವುದು.”

“ಅದು ಇಂಗ್ಲಿಷಿನ್ಯಾಗ ಇರತೈತ್ರಿ ಅಣ್ಣ.”

“ಹೆಸರೊಂದು ಓದಿದ್ರೆ ಸಾಕಲ್ಲ. ಅದು ಕೊನೆಗೆ ತಾನೇ?”

ಅವರು ಯಾಕೆ ಬರೆಯುವುದಿಲ್ಲ ಎಂದು ನಾವು ಒಬ್ಬರೂ ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ. ಹಾಡುವವರಿಗೆ ತಂಬೂರಿ ಇದ್ದಂತೆ ನಮಗೆ ಅವರು ಇದ್ದರು…

ಕೊನೆಯ ವರ್ಷ. ಪರೀಕ್ಷೆ ಶುರುವಾಗಿತ್ತು, ಸೋಮವಾರ ಕೊನೆಯ ಪತ್ರಿಕೆ. ಅದಕ್ಕೆ ಎಂಟು ದಿನ ಮೊದಲಿನ ಭಾನುವಾರ ಅಣ್ಣ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ಮಡಿಸಿದ ಹಾಳೆಗಳನ್ನು ಕೈಗೆ ಕೊಟ್ಟರು. ಅವರ ದನಿ ಕೆಲವು ತಿಂಗಳಿಂದ ಸ್ವಲ್ಪ ಒಡೆದಿತ್ತು.

“ಒಬ್ಬರು ಕೊಟ್ಟಿದ್ದಾರೆ. ನನ್ನ ಗಂಟಲು ಸರಿ ಇಲ್ಲ. ಬರುವ ಭಾನುವಾರ ಇದನ್ನು ನೀವು ಓದಬೇಕು.”

“ನಾನ? ನನಗ ಎಲ್ಲಿ ಬರತೈತ್ರಿ? ಟೀಚರಿಗೆ ಕೊಡ್ರಿ.”

“ಟೀಚರು ಚೆಂದ ಓದ್ತಾರೆ. ಇದಕ್ಕೆ ಚೆಂದ ಬೇಡ.” ನೆಲ ನೋಡುತ್ತ ಅಂದರು. “ಪರೀಕ್ಷೆ ಉಂಟು, ಗೊತ್ತುಂಟು. ಆಗುವುದಾದರೆ ಹೇಳಿ, ಇಲ್ಲದಿದ್ದರೆ ಬೇಡ.”

“ಆಗತೈತ್ರಿ,” ಎಂದೆ.

ಗಾಡಿಯಲ್ಲಿ ಬಿಚ್ಚಿ ನೋಡಿದೆ. ತಿಂಡಿಪಟ್ಟಿಯ ಹಿಂಬದಿ, ಓರೆಗೆರೆಗಳು. ಯಾರದೆಂದು ಮೊದಲ ಸಾಲಿನಲ್ಲೇ ತಿಳಿಯಿತು.

ಒಬ್ಬ ಸಪ್ಲಾಯರನ ವಾರದ ರಜೆಯ ಕತೆ ಅದು. ರಜೆಯ ದಿನ ಅವನು ಗಾಡಿ ಹತ್ತಿ ಅಂಬರನಾಥಕ್ಕೆ ಹೋಗುತ್ತಾನೆ. ದೇವಸ್ಥಾನಕ್ಕಲ್ಲ. ಅಲ್ಲಿ ಯಾರಿಗೂ ತನ್ನ ಗುರುತಿಲ್ಲದ ಒಂದು ಹೋಟೆಲಿಗೆ ಹೋಗಿ ಗಿರಾಕಿಯಾಗಿ ಕೂರುತ್ತಾನೆ, ಯಾರಾದರೂ ಬಂದು ತನ್ನನ್ನು “ನಿಮಗೆ ಏನು ಬೇಕು?” ಎಂದು ಕೇಳಲಿ ಅಂತ. ಸಪ್ಲಾಯರ್ ಬರುತ್ತಾನೆ, ಕೇಳುತ್ತಾನೆ. ಇವನಿಗೆ ಉತ್ತರ ಬರುವುದಿಲ್ಲ. ಊರಿನವರ ಹಸಿವೆಲ್ಲ ಬಾಯಿಪಾಠವಿದ್ದವನಿಗೆ ತನಗೆ ಏನು ಇಷ್ಟ ಎಂಬುದೇ ಗೊತ್ತಿಲ್ಲ. ಆ ಹುಡುಗ ಕಾಯುತ್ತಾನೆ, ಹಿಂದಿನ ಟೇಬಲ್ಲಿನವರು ಕರೆಯುತ್ತಾರೆ. ಅವನ ಕಷ್ಟ ತಿಳಿದ ಇವನು ಎದ್ದು, “ಅವರನ್ನು ಮೊದಲು ನೋಡಿಕೊಳ್ಳಿ,” ಎಂದು ಹೊರಗೆ ಬರುತ್ತಾನೆ. ಮುಂದಿನ ವಾರ ಮತ್ತೆ ಹೋಗುತ್ತಾನೆ. ಅಷ್ಟೇ.

ನಾನು ಮೂರು ದಿನ ಅಭ್ಯಾಸ ಮಾಡಿದೆ. ನಲ್ಲಿಯ ಸಾಲಿನಲ್ಲಿ ನಿಂತು ಬಾಯೊಳಗೇ ಹೇಳಿಕೊಂಡೆ. ಅವರ ಕರಾವಳಿಯ ಮಾತು ನನ್ನ ನಾಲಗೆಯಲ್ಲಿ ಮುರಿದುಹೋಗುತ್ತಿತ್ತು. ಅವ್ವ, “ಯಾರ ಜೋಡಿ ಮಾತಾಡಾಕತ್ತಿ?” ಎಂದಳು. ನನಗೆ ಆ ಹಳೆಯ ನಗು ಕೇಳಿಸತೊಡಗಿತು. ಎರಡು ಪ್ಲೇಟ್ ಕಳಿಸ್ರಪ್ಪಾ… ಈ ಸಲ ನಗು ನನ್ನ ಬಾಯಿಗೆ ಬೀಳುತ್ತದೆ, ಅವರ ಕತೆ ಅದರಡಿ ಸಿಕ್ಕಿ ಸಾಯುತ್ತದೆ ಎನಿಸಿತು.

ಆ ಭಾನುವಾರ ನಾನು ಹೋಗಲಿಲ್ಲ.

ನಾಳೆ ಪರೀಕ್ಷೆ, ಅದಕ್ಕೆ ಹೋಗಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಎಲ್ಲರೂ ಒಪ್ಪಿದರು. ಹೆದರಿ ಹೋಗಲಿಲ್ಲ ಎಂದು ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ. ಆ ಮಧ್ಯಾಹ್ನ ಪುಸ್ತಕ ಮುಂದಿಟ್ಟುಕೊಂಡು ಒಂದು ಪುಟವನ್ನೂ ಓದಲಿಲ್ಲ. ಕಲ್ಯಾಣದಿಂದ ಡೊಂಬಿವಲಿ ಎಷ್ಟು ದೂರ? ಹಾಳೆಗಳನ್ನಾದರೂ ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ಅದನ್ನೂ ಮಾಡಲಿಲ್ಲ.

ಅಲ್ಲಿ ನಡೆದದ್ದನ್ನು ಟೀಚರ್ ಹೇಳಿದರು, ಬಹಳ ದಿನಗಳ ನಂತರ. ಅಣ್ಣ ಆ ದಿನ ಕೋಣೆ ಗುಡಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರಂತೆ. ಹೆಗಲ ಮೇಲೆ ಬಟ್ಟೆ ಇರಲಿಲ್ಲವಂತೆ. ಬಾಗಿಲ ಹತ್ತಿರ ಕೂರದೆ ನಡುವಿನ ಮೂಟೆಯ ಮೇಲೆ ಕುಳಿತಿದ್ದರು. ಮೂರೂವರೆಯಾಯಿತು. ಬ್ಯಾಂಕಿನವರು, “ಏನಣ್ಣ, ಇವತ್ತು ಓದೋದಿಲ್ವಾ?” ಎಂದರು.

“ಒಂದು ಇತ್ತು. ಓದುವವರು ಬರಲಿಲ್ಲ.”

“ಯಾರದು? ಬರೆದವರೇ ಓದಲಿ ಬಿಡಿ ಇವತ್ತೊಂದಿನ.”

“ಅದು ಹೇಗೆ ಆಗ್ತದೆ? ಹೆಸರು ಕೊನೆಗೆ ಅಲ್ವಾ,” ಎಂದು ನಕ್ಕು, ಎದ್ದು ಹೋಗಿ ಎಲ್ಲರಿಗೂ ಚಹಾ ತಂದರಂತೆ. ತರುವಾಗ ಹೆಗಲ ಮೇಲೆ ಬಟ್ಟೆ ಇತ್ತು.

ತಮ್ಮಿಂದಲೇ ಹುಟ್ಟಿದ ಕಟ್ಟಳೆ ಅವರು ಮುರಿಯಲಿಲ್ಲ. ಮುರಿದಿದ್ದರೆ ಆರೇಳು ಜನ ಕೇಳುತ್ತಿದ್ದರು… ಆ ಕೋಣೆಯಲ್ಲಿ ಕುಳಿತಿದ್ದವರಲ್ಲಿ ಒಬ್ಬರಿಗೂ ಬರೆದವರು ಎದುರಿಗೇ ಇದ್ದಾರೆಂದು ತಿಳಿಯಲಿಲ್ಲ.

ನನಗೆ ಮುಖ ತೋರಿಸಲು ಧೈರ್ಯ ಬರುವುದಕ್ಕೆ ಒಂದು ತಿಂಗಳಾಯಿತು. ಹೋದಾಗ ಹೋಟೆಲಿನಲ್ಲಿ ಬೇರೆ ದನಿ ಆರ್ಡರು ಕೂಗುತ್ತಿತ್ತು. ಧಣಿಗಳು ವಾಶಿಯಲ್ಲಿ ಹೊಸ ಹೋಟೆಲು ತೆಗೆದು ಅಣ್ಣನನ್ನು ಅಲ್ಲಿಗೆ ಕಳಿಸಿದ್ದರು. ಆಗ ವಾಶಿಗೆ ರೈಲಿಲ್ಲ, ಎರಡು ಬಸ್ಸು ಬದಲಿಸಬೇಕು. ಭಾನುವಾರ ಬರಲು ಅವರಿಗೆ ಆಗಲಿಲ್ಲ. ಬಳಗದಲ್ಲಿ ಮತ್ತೆ ಎಲ್ಲರೂ ತಮ್ಮದನ್ನು ತಾವೇ ಓದತೊಡಗಿದರು. ಮತ್ತೆ “ಇಲ್ಲಿ ನಾನು ಏನು ಹೇಳಿದ್ದೇನೆಂದರೆ.” ಬ್ಯಾಂಕಿನವರಿಗೆ ವರ್ಗವಾಯಿತು. ವರ್ಷದೊಳಗೆ ಆ ಕೋಣೆ ಬರೀ ಬಟಾಟೆಗೆ ಉಳಿಯಿತು.

ನಾನು ಪಾಸಾದೆ. ನಮ್ಮ ಮನೆತನದ ಮೊದಲ ಪದವಿ ನನ್ನದು. ಹೇಳುವಾಗ ಈಗಲೂ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ. ಸರ್ಟಿಫಿಕೇಟು ಕೈಗೆ ಬಂದ ದಿನ ಮನೆಗೆ ಹೋಗದೆ, ಅದನ್ನೂ ಆ ಒಂಬತ್ತು ಹಾಳೆಗಳನ್ನೂ ಒಂದೇ ಫೈಲಿನಲ್ಲಿಟ್ಟುಕೊಂಡು ವಾಶಿಗೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಗೆರೆ ನೋಡಿ ನೋಡಿ ಅಭ್ಯಾಸ ಮಾಡಿದೆ. ಅವರು ನನ್ನದನ್ನು ಓದಲಿ, ನಾನು ಅವರದನ್ನು ಓದುತ್ತೇನೆ, ಅಡುಗೆಮನೆಯಲ್ಲಾದರೂ ಸರಿ, ಅಡುಗೆಭಟ್ಟರು ಕೇಳಿದರೂ ಸಾಕು ಎಂದುಕೊಂಡಿದ್ದೆ.

ಗಲ್ಲಾದಲ್ಲಿದ್ದವರು ತಲೆ ಎತ್ತಿ ಹೇಳಿದರು. “ಅವರಾ? ಊರಿಗೆ ಹೋದ್ರಲ್ಲ, ಮೂರ್ನಾಲ್ಕು ತಿಂಗಳಾಯ್ತು. ಗಂಟಲಿಗೆ ಏನೋ ಆಗಿತ್ತು. ಕೂಗಿದ್ದು ಒಳಗೆ ಕೇಳ್ತಿರಲಿಲ್ಲ.”

“ಯಾವ ಊರ್ರಿ?”

“ಉಡುಪಿ ಕಡೆ ಅಂತ. ಸರಿಯಾಗಿ ಯಾರಿಗೆ ಗೊತ್ತುಂಟು?” ಆಮೇಲೆ ಪದ್ಧತಿಯಂತೆ ಕೇಳಿದರು. “ಏನು ಕೊಡಲಿ ನಿಮಗೆ?”

ನನಗೆ ಉತ್ತರ ಬರಲಿಲ್ಲ. ಹೊರಗೆ ಬಂದೆ.

ಉಡುಪಿ ಕಡೆಗೆ ಹೋಗುವವರ ಬಳಿಯೆಲ್ಲ ಕೆಲವು ವರ್ಷ ವಿಚಾರಿಸಿದೆ. ನನಗೆ ಹೇಳಲು ಇದ್ದದ್ದು ಒಂದು ಹೆಸರು, ಒಂದು ದನಿ. ದನಿ ಅವರ ಹತ್ತಿರವೇ ಉಳಿದಿರಲಿಲ್ಲ. ಅವರು ಯಾರಿಗೂ ಸಿಗಲಿಲ್ಲ.

ಇವತ್ತು ಭಾನುವಾರ. ಮಧ್ಯಾಹ್ನ ಮೂರು ಗಂಟೆಗೆ, ಬಣ್ಣದ ವಾಸನೆಯ ಖಾಲಿ ಕೋಣೆಯಲ್ಲಿ ನಿಂತು ಆ ಒಂಬತ್ತು ಹಾಳೆಗಳನ್ನು ಓದಿದೆ, ಗಟ್ಟಿಯಾಗಿ. ಒಂದು ಗೆರೆ ಇದ್ದಲ್ಲಿ ಉಸಿರು ತೆಗೆದುಕೊಂಡೆ, ಎರಡು ಗೆರೆ ಇದ್ದಲ್ಲಿ ನಿಂತೆ. ಮಾತು ಪೂರ್ತಿ ವಿಜಾಪುರದ್ದೇ ಆಯಿತು. ಇದಕ್ಕೆ ಚೆಂದ ಬೇಡ ಎಂದು ಅವರೇ ಹೇಳಿದ್ದರಲ್ಲ. ಕೊನೆಯಲ್ಲಿ ಹೆಸರು ಹೇಳಿದೆ. ಅದು ಕೇಳಿದವರಿಗಷ್ಟೇ ಸಲ್ಲುವ ಹೆಸರು, ಇಲ್ಲಿ ಬರೆಯುವುದಿಲ್ಲ. ಗೋಡೆಗಳಷ್ಟೇ ಕೇಳಿದವು. ಹಾಳೆಗಳನ್ನು ಸರ್ಟಿಫಿಕೇಟಿನ ಹಿಂದೆ ಮೊದಲಿನಂತೆಯೇ ಇಟ್ಟೆ.

ಇಡುವಾಗ ವಾಶಿಯಿಂದ ತಿರುಗಿ ಬಂದ ಆ ಸಂಜೆ ನೆನಪಾಯಿತು. ದೊಡ್ಡಪ್ಪ ಅದೇ ಹೊಸ್ತಿಲ ಮೇಲೆ ಕುಳಿತಿದ್ದ. ನಾನು ಸರ್ಟಿಫಿಕೇಟನ್ನು ಅವನ ಮುಂದೆ ಹಿಡಿದೆ. ಅವನು ಬೀಡಿ ಆರಿಸಿದ. ಎರಡೂ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ, ಸಾಲದೆಂದು ಮತ್ತೊಮ್ಮೆ ಒರೆಸಿಕೊಂಡ, ಆಮೇಲೆ ತೆಗೆದುಕೊಂಡ. ಬಹಳ ಹೊತ್ತು ನೋಡಿದ. ಓದಲು ಬಾರದ ಅವನ ಬೆರಳು ಅಕ್ಷರಗಳ ಮೇಲೆ ಒಂದೊಂದಾಗಿ ಹರಿದು ನನ್ನ ಹೆಸರಿನ ಹತ್ತಿರ ನಿಂತಿತು. ಆಮೇಲೆ ತಲೆ ಎತ್ತಿ, ನನ್ನ ಹಿಂದಿನ ಬಾಗಿಲ ಕಡೆ, ಯಾರೋ ಬರುವವರಿದ್ದಾರೆ ಎಂಬಂತೆ ನೋಡಿ ಕೇಳಿದ.

“ನಿಂದು ಓದಾಂವ ಬ್ಯಾರೇ ಅದಾನ ಅಂತಿದ್ದೆಲ್ಲವಾ… ಎಲ್ಲಿ ಅವಾ?”